ಬೇಟೆಗಾರ್ತಿಯ ತರಬೇತಿ

ಹೊಲಿಗೆ ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ದೊಡ್ಡ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಊಟ ಮೈಗೆ ಹತ್ತುತ್ತಿದೆಯೇ? ನನ್ನ ಸೊಂಟನೋವು ಎಂದಿನಂತೆ ಜೊತೆಗಿದೆ, ಅದನ್ನು ಬಿಡು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಂಗಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿದ್ದಾಳೆ, ಪಿಸುಗುಟ್ಟಿದರೂ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳುತ್ತೇನೆ, ನಗಬೇಡ. ನಾನು ಮೊಬೈಲಿನಲ್ಲಿ ಆಟ ಕಲಿತೆ. ಕಲಿಸಿದವಳು ನಿನ್ನ ತಂಗಿ, ನಮ್ಮ ಮಿಡತೆಯೇ. ಆಟದಲ್ಲಿ ಹಾಳುಬಿದ್ದ ಕೋಟೆಯೊಳಗೆ ಒಬ್ಬ ಅನಾಥ ಹುಡುಗಿಯನ್ನು ಸಾಕಿ, ಪಿಶಾಚಿಗಳನ್ನು ಬೇಟೆಯಾಡುವಷ್ಟು ಗಟ್ಟಿ ಮಾಡಬೇಕು. ಕತ್ತಿವರಸೆಯೋ ಮಂತ್ರವೋ ವಿಶ್ರಾಂತಿಯೋ, ದಿನಾ ಏನು ಮಾಡಿಸಬೇಕೆಂದು ನಾವೇ ಆರಿಸಬೇಕು. ನಾನು ಆತುರಗೆಟ್ಟು ಬರೀ ಕತ್ತಿ ಹಿಡಿಸಿದೆ. ಕಾಡಿಗೆ ಹೋದವಳು ವಾಪಸು ಬರಲಿಲ್ಲ. "ಅಯ್ಯೋ ಅಪ್ಪಾ, ಕೊಂದೇಬಿಟ್ಟೆಯಲ್ಲ!" ಎಂದು ಮಿಡತೆ ತಲೆ ಚಚ್ಚಿಕೊಂಡಳು. ಆಮೇಲೆ ಟೀಚರಮ್ಮನ ಹಾಗೆ ಕೂರಿಸಿ ಹೇಳಿಕೊಟ್ಟಳು. ಹೊಸಬರು ಮೊದಲು ಹುಡುಗಿಯ ಮೈಕಸುವು ಬೆಳೆಸಬೇಕಂತೆ, ಕತ್ತಿ ಆಮೇಲೆ. ಆಯಾಸ ತೋರಿಸುವ ಗೆರೆ ಕೆಂಪಾದರೆ ಎಂಥ ಕಾಳಗವಿದ್ದರೂ ಮಲಗಿಸಲೇಬೇಕು. ಮಾಟಗಾರ ಕೊಡುವ ಕಪ್ಪು ಕಷಾಯ ಕುಡಿಸಿದರೆ ಅವತ್ತು ಗೆಲ್ಲುತ್ತಾಳೆ, ಆದರೆ ಒಳಗೊಳಗೇ ಕೊಳೆಯುತ್ತಾಳೆ. ಕಾಡಿಗೆ ಕಳಿಸುವ ಮುನ್ನ ಆಟವನ್ನು ಸೇವ್ ಮಾಡಿಟ್ಟಿರಬೇಕು. ಇಷ್ಟು ಕಲಿತ ಮೇಲೆ ನನ್ನ ಹುಡುಗಿ ಬದುಕಿಕೊಂಡಳು.

ಇಷ್ಟೆಲ್ಲ ಬಲ್ಲ ನಿನ್ನ ತಂಗಿ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಕೇಳಿದರೆ, "ಏನಿಲ್ಲಪ್ಪಾ, ಉಳುಕಿದೆ ಅಷ್ಟೇ." ಓಟದ ತಂಡಕ್ಕೆ ಆರಿಸುವ ದಿನ ಬೆಳಿಗ್ಗೆ ಅವಳ ಕೋಚ್, ಹಿಂದೆ ನಿನ್ನನ್ನೂ ಓಡಿಸುತ್ತಿದ್ದರಲ್ಲ ಅವರೇ, ಕಾರು ತಂದು ನಿಲ್ಲಿಸಿದರು. ಬೂಟು ಹಾಕಿಕೊಳ್ಳಲು ಕೂತವಳ ಕಾಲು ಆಗ ನೋಡಿದೆ; ಮೊಣಕಾಲಿನ ಕೆಳಗೆ ಊದಿಕೊಂಡು ಹೊಳೆಯುತ್ತಿತ್ತು. ಕೋಚ್ ಚೀಲದಿಂದ ಸಿರಿಂಜು ತೆಗೆದು, "ಒಂದು ಸೂಜಿ ಸಾಕು ಸಾರ್, ಓಟ ಮುಗಿಯೋವರೆಗೂ ನೋವೇ ಗೊತ್ತಾಗಲ್ಲ" ಎಂದರು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟು, ನಾನು ಮಗಳಿಗೂ ಅವರಿಗೂ ನಡುವೆ ನಿಂತೆ. "ನೀವಿನ್ನು ಹೊರಡಿ" ಎಂದೆ.

"ಅಪ್ಪಾ, ವರ್ಷವೆಲ್ಲ ಹಾಳಾಗುತ್ತೆ, ದಾರಿ ಬಿಡು!" ಮಿಡತೆ ನನ್ನ ಅಂಗಿ ಜಗ್ಗಿದಳು.

"ನಿನ್ನ ಗೆರೆ ಕೆಂಪಾಗಿದೆ ಕಣಮ್ಮಾ."

"ಅದು ಆಟ ಅಪ್ಪಾ!" ಎಂದು ಕಿರುಚಿದಳು. ಹೌದು, ಆಟದಲ್ಲಾದರೆ ಸತ್ತವಳನ್ನೂ ಎಬ್ಬಿಸಬಹುದು. ನಾನು ಕದಲಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟಿರುವುದು ಕಂಡಿತು. ಓಡಿದ್ದರೆ ತುಂಡಾಗುತ್ತಿತ್ತು ಎಂದರು ಡಾಕ್ಟರು. ಕಾಲು ಮೊದಲಿನಂತಾಗುತ್ತದಂತೆ, ತಾಳ್ಮೆ ಬೇಕು. ಅವಳು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ; ಊಟ ತಂದಿಟ್ಟರೆ ಗೋಡೆ ಕಡೆ ತಿರುಗಿಕೊಳ್ಳುತ್ತಾಳೆ. ನೀನೊಮ್ಮೆ ಅವಳಿಗೆ ಫೋನು ಮಾಡು. ನನ್ನ ಪರ ವಹಿಸಬೇಡ, ಸುಮ್ಮನೆ ಮಾತಾಡಿಸು.

ಬಿಸಿನೀರು ಕುಡಿ, ಹುಷಾರಾಗಿರು ಕಂದಾ.

ನಿನ್ನ
ಅಪ್ಪ

ಲಕೋಟೆ ಅಂಟಿಸುವ ಮುನ್ನ ಇನ್ನೊಂದು ಮಾತು. ಕಾರು ಹತ್ತುವಾಗ ಕೋಚ್ ತಿರುಗಿ, "ನಿಮ್ಮ ದೊಡ್ಡವಳು ಇಂಥದ್ದು ಎಷ್ಟು ಸಲ ಚುಚ್ಚಿಸಿಕೊಂಡು ಓಡಿದಾಳೆ, ಅವಳನ್ನೇ ಕೇಳಿ" ಎಂದು ಹೋದರು. ಓಟ ಬೇಜಾರಾಯಿತು ಎಂದು ಹೇಳಿ ಓಡುವುದನ್ನೇ ಬಿಟ್ಟೆಯಲ್ಲಮ್ಮಾ ನೀನು? ಬೈಯುವುದಿಲ್ಲ, ನಿಜ ಹೇಳು. ನಿನ್ನ ಕಾಲು ಹೇಗಿದೆ?