ಒಡ್ಡು ಜಿನುಗುವ ಓಣಿಗೆ ಬೀದಿದೀಪ

ಮೂರನೇ ನವನಗರ, ಘಟಪ್ರಭೆಯ ಹಿನ್ನೀರಿನ ದಂಡೆ
ಭಾದ್ರಪದ ನಲವತ್ತೊಂದು, ೨೧೮೭

ಮಹಾಂತೇಶ ಬೆಣ್ಣೂರ ಮಾಸ್ತರರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಮಳೆ ಭಾದ್ರಪದದೊಳಗೆ ಮುಗಿಯುವುದಿಲ್ಲ. ಮಳೆ ನಿಲ್ಲದೆ ತಿಂಗಳು ಮುಗಿಸುವುದು ಬೇಡವೆಂದು ಹಿರಿಯರು ತಿಂಗಳನ್ನೇ ಉದ್ದ ಮಾಡಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಅದಕ್ಕಷ್ಟೇ ಕ್ಷಮೆ ಕೇಳುತ್ತೇನೆ, ಉಳಿದದ್ದಕ್ಕೆ ಕೇಳುವುದಿಲ್ಲ. ನಾನು ತಂಗೆವ್ವ, ನಿಮ್ಮ ಮಗಳ ವಂಶದ ಆರನೇ ತಲೆ. ವರಸೆಯಲ್ಲಿ ನೀವು ನನ್ನ ಮುತ್ತಜ್ಜನಿಗೂ ಹಿರಿಯರು. ವಯಸ್ಸಿನಲ್ಲಿ, ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ, ನನ್ನ ಕಿರಿಯ ಮಗನಷ್ಟು. ಯಾವುದಕ್ಕೆ ಮರ್ಯಾದೆ ಕೊಡಬೇಕೆಂದು ಬಹಳ ಯೋಚಿಸಿದೆ. ಕೊನೆಗೆ ಬಹುವಚನದಲ್ಲೇ ಬೈಯುವುದೆಂದು ತೀರ್ಮಾನಿಸಿದ್ದೇನೆ.

ಇದು ಹಿಮ್ಮುಖ ಅಂಚೆಯಲ್ಲಿ ಬರುವ ಪತ್ರ. ಒಂದು ಮನೆತನಕ್ಕೆ ಒಂದು ತಲೆಮಾರಿನಲ್ಲಿ ಒಂದೇ ಸಲ ಹಿಂದಿನವರಿಗೆ ಬರೆಯುವ ಅವಕಾಶವಿದೆ. ನಮ್ಮವ್ವ ತನ್ನ ಪಾಲಿನ ಪತ್ರದಲ್ಲಿ ಅವಳ ಅಜ್ಜಿಗೆ ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿಯ ಹದ ಕೇಳಿದಳು. ಆ ಕಡೆಯಿಂದ ಉತ್ತರ ಬರುವ ದಾರಿಯೇ ಇಲ್ಲವೆಂಬುದು ಆಮೇಲೆ ತಿಳಿಯಿತು. ನನಗೆ ನಿಮ್ಮಿಂದ ಉತ್ತರ ಬೇಕಿಲ್ಲ. ನೀವು ಓದಿದರೆ ಸಾಕು. ನಾನು ಹತ್ತನೆಯವರೆಗೆ ಮಾತ್ರ ಕಲಿತವಳು. ಆದರೆ ಕನ್ನಡದಲ್ಲಿ ಏನು ಹೇಳಬೇಕೋ ಅದನ್ನು ಹೇಳಲು ಯಾರ ಗೈಡೂ ನನಗೆ ಬೇಕಾಗಿಲ್ಲ.

ನಮ್ಮದು ಮುಳುಗಿ ಮುಳುಗಿ ಮೇಲೆದ್ದ ಊರು. ಮೊದಲನೆಯದು ಅಣೆಕಟ್ಟಿಗೆ ಹೋಯಿತು, ನೀವಿರುವ ಎರಡನೆಯದು ಅಣೆಕಟ್ಟು ಎತ್ತರವಾದಾಗ ಹೋಯಿತು. ಈ ಮೂರನೆಯದನ್ನು ಹಿನ್ನೀರಿನಿಂದ ಕಾಯುವುದು ಒಂದು ಮಣ್ಣಿನ ಒಡ್ಡು. ಅದು ಸರಿಯಾಗಿ ನಮ್ಮ ಹಿತ್ತಲ ಹಿಂದೆ ಹಾಯುತ್ತದೆ, ಮೂರು ಮಳೆಗಾಲದಿಂದ ಜಿನುಗುತ್ತಿದೆ. ಮೊದಮೊದಲು ಗೋಡೆ ಬೆವರಿದಂತೆ ಕಾಣುತ್ತಿತ್ತು. ಈಗ ಒಲೆಯ ಮುಂದೆ ಮೀನಿನ ಮರಿ ಹರಿದಾಡುತ್ತವೆ. ಮಂಚದ ಕಾಲಿಗೆ ಕಲ್ಲು ಕೊಟ್ಟಿದ್ದೇವೆ, ಜೋಳದ ಚೀಲಗಳನ್ನು ತೊಲೆಗೆ ನೇತುಹಾಕಿದ್ದೇವೆ. ತೊಟ್ಟಿಲು ಹೇಗೂ ತೂಗಾಡುತ್ತದೆ, ಅದೊಂದನ್ನು ಮಾತ್ರ ಹೊಸದಾಗಿ ಕಟ್ಟಬೇಕಾಗಲಿಲ್ಲ. ಒಡ್ಡು ಒಡೆದರೆ ಮೊದಲು ಹೋಗುವುದು ನಮ್ಮ ಓಣಿ. ಇದು ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಗೊತ್ತಿರದಿರುವುದು ಒಡ್ಡು ಮಂಡಳಿಗೆ ಮಾತ್ರ.

ಮಂಡಳಿಗೆ ತಿಳಿಸಬೇಕಾದರೆ ಕೈಬರಹದ ದೂರು ಕೊಡಬೇಕು, ಅದು ಇಂಗ್ಲಿಷಿನಲ್ಲೇ ಇರಬೇಕು, ಬರೆದವರು ಕಾಲೇಜಿನ ಬುನಾದಿ ಇಂಗ್ಲಿಷ್ ಪರೀಕ್ಷೆ ಪಾಸಾಗಿರಬೇಕು. ಯಾಕೆಂದು ಕೇಳಬೇಡಿ. ಇಂಗ್ಲಿಷ್ ಆಡುವವರು ನಮ್ಮ ಕಡೆ ಯಾರೂ ಉಳಿದಿಲ್ಲ. ಬೇಕಾದವರು ಕಿವಿಮಣಿ ಸಿಕ್ಕಿಸಿಕೊಳ್ಳುತ್ತಾರೆ. ಅದು ಕಡಲೆಕಾಳಿನಷ್ಟು ದೊಡ್ಡ ಯಂತ್ರ, ಯಾವ ಭಾಷೆಯ ಮಾತನ್ನೂ ಕನ್ನಡ ಮಾಡಿ ಕಿವಿಗೆ ಹಾಕುತ್ತದೆ. ಆದರೂ ಆ ನಿಯಮವನ್ನು ಯಾರೂ ತೆಗೆದಿಲ್ಲ. ತೆಗೆಯಿರಿ ಎಂದು ದೂರು ಕೊಡಲು ಅದೇ ಇಂಗ್ಲಿಷ್ ಬೇಕಲ್ಲ!

ನಮ್ಮ ಓಣಿಯಲ್ಲಿ ಪಾಸಾದವರಿಗೇನೂ ಕಡಿಮೆಯಿಲ್ಲ. ನನ್ನ ಮೈದುನ ಪರಪ್ಪ ಮೊದಲ ದರ್ಜೆಯವನು. ಮೊದಲ ಮಳೆಗಾಲದಲ್ಲಿ ಅವನೇ ದೂರು ಬರೆದ. ತಿಂಗಳೊಳಗೆ ಮಂಡಳಿಯ ಗಾಡಿ ಬಂತು. ನಾವು ಆರತಿ ಹಿಡಿದು ನಿಂತಿದ್ದೆವು. ಅವರು ಒಂದು ಬೀದಿದೀಪ ನೆಟ್ಟು ಹೋದರು. ಮತ್ತೆ ಬರೆದ, ಮತ್ತೊಂದು ದೀಪ ಬಂತು. ಬೇರೆಯವರು ಬರೆದರು, ಇನ್ನಷ್ಟು ದೀಪ ಬಂದವು. ಕೊನೆಗೆ ನಾನು ಅವನನ್ನು ಕೂರಿಸಿಕೊಂಡು, ಏನು ಬರೆಯುತ್ತೀ ಎಂದು ಕೇಳಿದೆ.

"ವೈನಿ, ನನಗ ಬರೂದು ಅದೊಂದ ಪತ್ರ," ಎಂದ. "ಬೀದಿದೀಪ ಕೆಟ್ಟೈತಿ ಅನ್ನೂದು. ಬಾಯಿಪಾಠ ಮಾಡೇನಿ."

"ದೀಪದ ಜಾಗಾದಾಗ ಒಡ್ಡು ಅಂತ ಹಾಕೋ, ಬುದ್ಧಿಗೇಡಿ."

"ಹಾಕಿ ನೋಡೀನ್ರಿ. ಒಂದ್ ಮಾತು ತಗದ್ರ ಮುಂದಿನ ಸಾಲು ಮರೀತೈತಿ."

ಹೀಗೆ ನಮ್ಮ ಓಣಿ ಮದುವೆ ಹಂದರದಂತೆ ಬೆಳಗುತ್ತಿದೆ. ಕೋಳಿಗಳಿಗೆ ರಾತ್ರಿಯಾದದ್ದು ಗೊತ್ತಾಗುವುದಿಲ್ಲ. ಹೊಸದಾಗಿ ಮದುವೆಯಾದವರು ಕಿಟಕಿಗೆ ಗೋಣಿಚೀಲ ಹೊಡೆದಿದ್ದಾರೆ. ಒಡ್ಡಿನ ಬಿರುಕು ಎಷ್ಟು ಅಗಲವಾಗಿದೆ ಎಂಬುದು ಆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ ಉಪಕಾರ.

ನನ್ನ ಮೊಮ್ಮಗಳು ನೀಲಗಂಗಾ ಮಾತ್ರ ಬಾಯಿಪಾಠ ಮಾಡಲಿಲ್ಲ. ಕಿವಿಮಣಿ ತೆಗೆದಿಟ್ಟು, ಇಂಗ್ಲಿಷಿನ ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕೇಳಿ, ಒಂದೊಂದು ಮಾತನ್ನು ಇನ್ನೊಂದಕ್ಕೆ ಕಟ್ಟುವುದನ್ನು ಕಲಿತಳು. ನೀವು ಕಲಿಸುವ ಇಂಗ್ಲಿಷ್ ಪಾಠದ ಹೆಸರು ವ್ಯಾಕರಣ ಮತ್ತು ರಚನೆ ಎಂದಿದೆಯಂತೆ. ರಚನೆ ಎಂದರೆ ಏನೆಂದು ಆ ಹೆಸರಿನಿಂದಲೇ ತಿಳಿದುಕೊಂಡವಳು ನೂರೈವತ್ತು ವರ್ಷಗಳಲ್ಲಿ ಅವಳೊಬ್ಬಳೇ ಇರಬೇಕು. ಪರೀಕ್ಷೆಯಲ್ಲಿ, ‘ನಿಮ್ಮ ಪ್ರದೇಶದ ಒಂದು ತೊಂದರೆ ಕುರಿತು ಅಧಿಕಾರಿಗೆ ಪತ್ರ ಬರೆಯಿರಿ’ ಎಂದು ಕೇಳಿದ್ದರು. ಹುಡುಗಿ ಒಡ್ಡಿನ ಬಗ್ಗೆ ಬರೆದಳು. ಸೊನ್ನೆ ಬಂತು.

ನಾನು ಅವಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ. ಉತ್ತರಗಳನ್ನು ಒರೆಗಣ್ಣು ಎಂಬ ಯಂತ್ರ ತೂಗುತ್ತದೆ. ಅಲ್ಲಿ ಕೂತಿರುವ ಹೆಣ್ಣುಮಗಳ ಕೆಲಸ ಅದು ಹೇಳಿದ್ದನ್ನು ಓದಿ ಹೇಳುವುದಷ್ಟೇ.

"ಅಮ್ಮಾರ, ಇದರಾಗ ಬೀದಿದೀಪ ಎಲ್ಲಿ ಐತ್ರಿ?" ಎಂದಳು.

"ನಮ್ಮ ಓಣ್ಯಾಗ ದೀಪಕ್ಕ ಬರ ಇಲ್ಲವ್ವಾ. ಬೇಕಂದ್ರ ನಾಕು ಕಿತ್ಕೊಂಡು ಒಯ್ಯಿ."

"ಬರ ಇಲ್ಲಂದ್ರೂ ಬರೀಬೇಕ್ರಿ. ತೊಂದರೆ ಅಂದ್ರ ಅದರ ಲೆಕ್ಕದಾಗ ದೀಪಾನ."

ಅದಕ್ಕೆ ಹೀಗೆ ಕಲಿಸಿದವರು ಯಾರೆಂದು ಕೇಳಿದೆ. ಒರೆಗಣ್ಣು ಹಳೆಯ ಉತ್ತರಪತ್ರಿಕೆಗಳನ್ನು ಓದಿ ಕಲಿತದ್ದು. ಹೆಚ್ಚು ಜನ ಬರೆದದ್ದೇ ಅದಕ್ಕೆ ಸರಿ. ಮಂಡಳಿಯ ದೂರುಗಳನ್ನು ಓದುವುದೂ ಅದೇ. ಅತ್ಯಂತ ಹಳೆಯ ಪತ್ರಿಕೆಗಳನ್ನು ಆ ಹೆಣ್ಣುಮಗಳು ತೆಗೆದು ತೋರಿಸಿದಳು. ಒಂದು ತರಗತಿಯ ಅರವತ್ತು ಹುಡುಗರು, ಅರವತ್ತೂ ಒಂದೇ ಪತ್ರ. ಅಕ್ಷರ ಬೇರೆ, ದೂರು ಒಂದೇ. ಮೇಲೆ ಪಾಠ ಹೇಳಿದವರ ಹೆಸರು: ಎಂ. ಬೆಣ್ಣೂರ. ಪತ್ರದಲ್ಲಿದ್ದ ಓಣಿ ನಿಮ್ಮ ಓಣಿ, ದೀಪ ನಿಮ್ಮ ಮನೆ ಮುಂದಿನದು. ಅದು ನೀರಿನಡಿ ಹೋಗಿ ಎಷ್ಟೋ ಕಾಲವಾಯಿತು. ಅದು ಉರಿಯುತ್ತಿಲ್ಲವೆಂದು ಮಾತ್ರ ನಾವು ಇವತ್ತಿಗೂ ದೂರು ಕೊಡುತ್ತಿದ್ದೇವೆ.

ನಮ್ಮ ಮನೆಯನ್ನು ಊರವರು ಇಂಗ್ಲಿಷ್ ಮಾಸ್ತರರ ಮನೆ ಎಂದೇ ಕರೆಯುತ್ತಾರೆ. ಆ ಹೆಸರಿಗೆ ತಕ್ಕಂತೆ ತಲೆಯೆತ್ತಿ ಬದುಕಿದವಳು ನಾನು. ಆ ದಿನ ಕಾಲೇಜಿನ ಮೆಟ್ಟಿಲಿಳಿಯುವಾಗ ಮೊಮ್ಮಗಳ ಮುಖ ನೋಡಲಾಗಲಿಲ್ಲ. ನನಗೆ ಗೊತ್ತು, ನೀವು ಕೆಟ್ಟವರಲ್ಲ. ಬಡಮಕ್ಕಳು ಪಾಸಾಗಲಿ ಎಂದು ಉಕ್ತಲೇಖನ ಬರೆಸಿದಿರಿ. ಸ್ವಂತ ಬರೆದರೆ ತಪ್ಪುತ್ತಾರೆ, ತಪ್ಪಿದರೆ ನಪಾಸಾಗುತ್ತಾರೆ ಎಂದು ಅಂಜಿದಿರಿ. ಅಂಜಿಕೆ ನಿಮ್ಮದು, ಮುಳುಗುವವರು ನಾವು! ಆ ಅರವತ್ತು ಮಂದಿಯ ಓಣಿಗಳಲ್ಲಿ ಬೇರೇನೂ ಕೆಟ್ಟಿರಲಿಲ್ಲವೇ? ಒಬ್ಬಳ ಮನೆಯಲ್ಲಿ ಕುಡಿದು ಹೊಡೆಯುವ ಅಪ್ಪನಿರಲಿಲ್ಲವೇ? ಒಬ್ಬನ ಬಸ್ಸು ದಿನಾ ನಿಲ್ಲದೆ ಹೋಗುತ್ತಿರಲಿಲ್ಲವೇ? ನೀವು ಕೇಳಲಿಲ್ಲ. ಗಂಟಲಿಗೆ ಬಂದ ಮಾತನ್ನು ನುಂಗಿಸಿ, ಬಾಯಿಗೆ ನಿಮ್ಮ ದೀಪದ ಕಂಬ ತುರುಕಿದಿರಿ.

ನಾಡಿದ್ದು ಮರುಪರೀಕ್ಷೆ. ಓಣಿಯ ಹಿರಿಯರೆಲ್ಲ ನೀಲಗಂಗಾಳಿಗೆ, ಈ ಸಲ ದೀಪ ಬರೆದು ಪಾಸಾಗು, ಒಡ್ಡಿನ ಮಾತು ಆಮೇಲೆ ನೋಡೋಣ ಎನ್ನುತ್ತಿದ್ದಾರೆ. ಪರಪ್ಪನೂ ಅವನ ಕಾಲದಲ್ಲಿ ಆಮೇಲೆ ಎಂದವನೇ. ಇಂದು ಬೆಳಿಗ್ಗೆ ಹುಡುಗಿ ರೊಟ್ಟಿ ಬಡಿಯುತ್ತ, ಬಡಿತಕ್ಕೆ ಸರಿಯಾಗಿ ನಿಮ್ಮ ದೀಪದ ಪತ್ರವನ್ನು ಒದರುತ್ತಿದ್ದಳು. ನೀರು ಅವಳ ಮೀನಖಂಡದವರೆಗಿತ್ತು.

"ಅದನ್ನ ಯಾಕ ಒದರತೀಯವ್ವಾ?" ಎಂದೆ.

"ನಾನೊಬ್ಬಾಕಿ ಬರದ್ರ ಅದು ತಪ್ಪು, ಆಯಿ. ಎಲ್ಲಾರೂ ಬರದದ್ದ ಅಷ್ಟ ಸರಿ."

ಅವಳು ಸೋತು ಹೇಳಿದ ಮಾತಿನಲ್ಲೇ ನನಗೆ ದಾರಿ ಕಂಡಿತು. ಕೂಡಲೇ ಮನೆಮನೆಗೆ ಹೋದೆ. ಮರುಪರೀಕ್ಷೆಗೆ ಹೊಸಬರೂ ಕೂರಬಹುದು, ವಯಸ್ಸಿನ ಕಟ್ಟಿಲ್ಲ, ಹತ್ತನೆ ಮುಗಿದಿದ್ದರೆ ಸಾಕು. ನಾಡಿದ್ದು ನಾನು ಕೂರುತ್ತೇನೆ. ನನ್ನ ಸೊಸೆಯಂದಿರು ಕೂರುತ್ತಾರೆ. ಎದುರು ಮನೆಯ ಹುಸೇನಬಿ ಮೊದಲು ನಕ್ಕಳು, "ತಂಗೆಕ್ಕಾ, ಈ ವಯಸ್ಸಿನ್ಯಾಗ ನಪಾಸಾಗಾಕ ಚಂದ ಕಾಣತೈತೇನು?" ಎಂದಳು. ಆಮೇಲೆ ಅವಳೇ ಮೂರು ಓಣಿ ತಿರುಗಿ ಹೆಂಗಸರನ್ನು ಒಪ್ಪಿಸಿ ಬಂದಳು. ಎಲ್ಲರೂ ಒಡ್ಡಿನ ಬಗ್ಗೆಯೇ ಬರೆಯುತ್ತೇವೆ, ನಮಗೆ ಬಂದಷ್ಟು ಇಂಗ್ಲಿಷಿನಲ್ಲಿ. ಎಲ್ಲರಿಗೂ ಸೊನ್ನೆ ಬರಲಿ. ಗುಂಪು ಬರೆದದ್ದನ್ನೇ ಕಲಿಯುವ ಒರೆಗಣ್ಣು ಈ ಗುಂಪನ್ನೂ ಕಲಿಯಬೇಕಾಗುತ್ತದೆ. ಅಷ್ಟರೊಳಗೆ ಒಡ್ಡು ತಡೆದೀತೋ ಇಲ್ಲವೋ, ನಾನು ಹೇಳಲಾರೆ.

ಇನ್ನು ನಿಮ್ಮ ಪಾಲಿನ ಕೆಲಸ. ನಾಳೆ ನೀವು ತರಗತಿಗೆ ಹೋದಾಗ ಹುಡುಗರು ಪೆನ್ನು ತೆರೆದು, ಸರ್ ಏನು ಬರೆದುಕೊಳ್ಳೋಣ ಎಂಬಂತೆ ನಿಮ್ಮ ಬಾಯಿ ನೋಡುತ್ತಿರುತ್ತಾರೆ. ಬಾಯಿ ಮುಚ್ಚಿಕೊಂಡಿರಿ. ಹಿರಿಯರಿಗೆ ಹೀಗೆನ್ನಬಾರದು, ಆದರೂ ಅನ್ನುತ್ತಿದ್ದೇನೆ. ಅವರಿಗೆ ತಿಳಿಯದ ಶಬ್ದ ಕೇಳಿದರೆ ಹೇಳಿಕೊಡಿ, ಅವರು ಬರೆದ ಮೇಲೆ ಕೆಂಪು ಶಾಯಿ ಹಿಡಿದು ತಿದ್ದಿ. ತಿದ್ದುವುದು ನಿಮ್ಮ ಕಸುಬು, ಅದನ್ನು ನಾನು ಹಗುರವೆನ್ನುವುದಿಲ್ಲ. ಆದರೆ ಏನು ಕೆಟ್ಟಿದೆ ಎಂಬುದನ್ನು ಅವರೇ ಹೇಳಲಿ. ಮೊದಲ ದಿನ ಯಾರೂ ಬರೆಯುವುದಿಲ್ಲ. ಸುಮ್ಮನೆ ಕೂತಿರಿ. ಹಿಂದಿನ ಬೆಂಚಿನಿಂದ ಯಾವಳೋ ಒಬ್ಬಳು ಅಂಜುತ್ತ, ಅರ್ಧ ಸಾಲು ಬರೆದು ತಂದು ತೋರಿಸುತ್ತಾಳೆ. ಅದರಲ್ಲಿ ನಾಲ್ಕು ತಪ್ಪಿರುತ್ತವೆ.

ಅವಳನ್ನು ಪಾಸು ಮಾಡಿ.

ತಂಗೆವ್ವ