ಕಮಲಾಪುರದ ಅಂಬಣ್ಣ ಮನ್ಯಾಗೇ ಸಿಕ್ಕಾನ

ರೀ,

ಸಮಸ್ತ ಮನಿಮಂದಿಗೆ, ಅಂದ್ರ ನಿಮಗೊಬ್ಬರಿಗೇ, ಈ ಮೂಲಕ ತಿಳಿಸೋದೇನಂದ್ರ, ಉಪ್ಪಿನಕಾಯಿ ಭರಣಿ ಮುಚ್ಚಳ ಸಿಕ್ಕದ.

ಇನ್ನೊಂದೂ ಸಿಕ್ಕದ. ನನ್ನ ಹಳೇ ಅಂಕಣ ಬೇಕಂತ ಕಂಪ್ಯೂಟರಿಗೆ ಫೈಲ್ ಹುಡುಕೋ ಸಾಫ್ಟ್‌ವೇರ್ ಹಾಕಿದ್ದೆ. ಅದು ನಿಮ್ಮ 'ಲೈಟ್ ಬಿಲ್' ಫೋಲ್ಡರಿನಾಗಿಂದ ಒಂದು ಫೈಲ್ ಎಳದು ತಂತು. ತಗದು ನೋಡಿದ್ರ ಪತ್ರಿಕಿಗೆ ಬರದ ಪತ್ರಗೋಳು, ಎಲ್ಲಾದರ ಕೆಳಗೂ ಅಂಬಣ್ಣನ ಹೆಸರು! ವಾರಾ ವಾರಾ ನನ್ನ ಅಂಕಣ ಹೊಗಳಿ ಪತ್ರಿಕಿಗೆ ಬರಿಯೋ ಕಮಲಾಪುರದ ಅಂಬಣ್ಣ ನೀವೇನ್ರೀ? ಮನ್ಯಾಗ ಅದೇ ಅಂಕಣದ ಹಾಳಿ ಮ್ಯಾಲೆ ಮೆಂತ್ಯಾ ಸೊಪ್ಪು ಸೋಸ್ತೀರಲ್ಲ!

ರೊಟ್ಟಿ ಡಬ್ಬ್ಯಾಗ ಅವ. ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ, ನಾ ಇನ್ನೂ ಓದೋದದ.

ಇವತ್ತು ಕಮಲಾಪುರದಾಗ ಪತ್ರಿಕಿಯವರು ಅಂಬಣ್ಣಗ 'ಉತ್ತಮ ಓದುಗ' ಅಂತ ಶಾಲು ಹೊದಿಸೋದಿತ್ತು. ಅದನ್ನ ರದ್ದು ಮಾಡಸ್ಲಿಕ್ಕೆ ಪತ್ರಿಕಾ ಆಫೀಸಿಗೆ ಹೊಂಟೀನಿ. ಲೇಖಕರ ಮನಿಯವರಿಗೆ ಬಹುಮಾನ ಕೊಡಂಗಿಲ್ಲ ಅಂತ ನಿಯಮ ಅದ.

ಜಗಳಾಡಿ ಆ ನಿಯಮ ಹಾಕಿಸಿದಾಕಿ ನಾನೇ.

ಮಲ್ಲಿಕಾ