ಗಡಿಯಾರ ಎಡವಿದ ಜಾಗ

ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಐದು ವಾರವಾಯಿತು, ನಾನು ಇವತ್ತು ಉತ್ತರ ಬರೆಯಲು ಕೂತಿದ್ದೇನೆ. ಬೈಯಬೇಡ. ಬೈದೇ ತೀರುತ್ತೀಯಾದರೆ ಅರ್ಧವನ್ನು ನಮ್ಮ ಸಂಪಾದಕರಿಗೆ ಮೀಸಲಿಡು, ಅವರೇ ಕಾರಣ. ನಿನ್ನ ಮಂಡಿ ನೋವು ಈಗ ಹೇಗಿದೆ? ಮೊಮ್ಮಗಳ ಮೊದಲ ಹಾಲುಹಲ್ಲು ಬಿತ್ತು, ಅವಳು ಅದನ್ನು ಔಷಧಿ ಡಬ್ಬಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾಳೆ ಅಂತ ಬರೆದಿದ್ದೆಯಲ್ಲ, ನನ್ನ ಹೆಂಡತಿ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿ ನಕ್ಕಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ಮೊನ್ನೆ ಗುರುವಾರದವರೆಗೆ ಚೆನ್ನಾಗಿದ್ದೆವು.

ಜನವರಿಯಲ್ಲಿ ಸಂಪಾದಕರು ಫೋನು ಮಾಡಿ, "ಎಲ್ಲರಿಗೂ ಗೊತ್ತಿರೋ ಸಿಂಫನಿ ಒಂದನ್ನ ತಗೊಳ್ಳಿ. ಇರೋ ರೆಕಾರ್ಡಿಂಗ್‌ಗಳಲ್ಲಿ ಯಾವುದು ಕೊಳ್ಳಬೇಕು, ಯಾವುದು ಬೇಡ ಅಂತ ಓದುಗರಿಗೆ ಹೇಳಿಬಿಡಿ" ಅಂದರು. ನಾನು ಯಾವುದನ್ನು ಆರಿಸಿಕೊಂಡೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ 'ಅದು' ಅಂದರೆ ಒಂದೇ. ಎರಡನೇ ಭಾಗದಲ್ಲಿ ತಂತಿವಾದ್ಯಗಳೆಲ್ಲ ಮೆಲ್ಲಗೆ ಒಂದೇ ಸ್ವರ ಹಿಡಿದು ನಿಂತಿರುವಾಗ ಕೊಳಲೊಂದೇ ಮೇಲೆ ಮೇಲೆ ಹತ್ತಿ, ತುದಿ ಮುಟ್ಟಿ, ಇಳಿದು ಬರುತ್ತದಲ್ಲ, ಜನ ಆ ಸಿಂಫನಿಯನ್ನು ಕೇಳುವುದೇ ಆ ಒಂದು ಸಾಲಿಗೋಸ್ಕರ. ಅಪ್ಪನ ವಾದ್ಯವೃಂದದ ರೆಕಾರ್ಡು ನಲವತ್ತೇಳು ವರ್ಷದಿಂದ ಅಂಗಡಿಗಳಲ್ಲಿ ಉಳಿದುಕೊಂಡಿರುವುದೂ ಅದಕ್ಕೇ. ಆ ಸಾಲನ್ನು ಒಂದೇ ಉಸಿರಿನಲ್ಲಿ ನುಡಿಸಿದವರು ಅಪ್ಪ ಒಬ್ಬರೇ. ಹಾಗಂತ ನಾನು ಇಪ್ಪತ್ತೆರಡು ವರ್ಷದಿಂದ ಪತ್ರಿಕೆಯಲ್ಲಿ ಬರೆಯುತ್ತ ಬಂದಿದ್ದೇನೆ. ಉಳಿದವರನ್ನೆಲ್ಲ ಆ ಒಂದೇ ಕೋಲಿನಿಂದ ಅಳೆದು ಪಕ್ಕಕ್ಕೆ ಸರಿಸಿದ್ದೇನೆ.

ಆರು ವರ್ಷದ ಹಿಂದಿನ ಜಗಳ ನಿನಗೆ ನೆನಪಿದೆಯೇ? ಹೊಸ ಕೊಳಲುವಾದಕಿಯೊಬ್ಬಳು ನುಡಿಸಿದ ಅದೇ ಸಿಂಫನಿಯ ಬಗ್ಗೆ, 'ತುದಿಯಲ್ಲಿ ನಿಂತು ಉಸಿರೆಳೆದುಕೊಂಡು ಸಾಲನ್ನು ಎರಡು ತುಂಡು ಮಾಡಿದ್ದಾರೆ' ಅಂತ ಬರೆದಿದ್ದೆ. ಅವಳು ಪತ್ರ ಹಾಕಿದಳು: "ಸರ್, ನಾನು ಮಾಡದ ಪ್ರಯತ್ನ ಇಲ್ಲ. ಅಷ್ಟು ನಿಧಾನದ ನಡೆಯಲ್ಲಿ ಅದು ಮನುಷ್ಯರ ಕೈಲಿ ಆಗೋದಲ್ಲ." ಅದಕ್ಕೆ ನಾನು ಮುಂದಿನ ಸಂಚಿಕೆಯಲ್ಲಿ, 'ಆಗುವುದನ್ನು ಊಟದ ಮೇಜಿನ ಎದುರಿಗೇ ನೋಡುತ್ತ ಬೆಳೆದವನು ನಾನು' ಅಂತ ಉತ್ತರ ಕೊಟ್ಟೆ. ಆ ವಾಕ್ಯ ಬರೆದು ಎಷ್ಟು ಬೀಗಿದ್ದೆನೆಂದರೆ ನಿನಗೆ ಫೋನು ಮಾಡಿ ಓದಿ ಹೇಳಿದ್ದೆ. ನೀನು ಏನೂ ಅನ್ನಲಿಲ್ಲ. ಲೈನು ಕಟ್ಟಾಯಿತು ಅಂದುಕೊಂಡೆ.

ನಾನು ಕೇಳುವ ಕ್ರಮ ನಿನಗೆ ಗೊತ್ತು. ಬೆಳಗಿನ ತಿಂಡಿ ಆದಮೇಲೆ ಕಿಟಕಿ ಮುಚ್ಚಿ, ಗೋಡೆಯ ಕಡೆ ಮುಖ ಮಾಡಿ ಕೂರುತ್ತೇನೆ. ಹೆಂಡತಿ ಬೆನ್ನ ಹಿಂದೆ ನಿಂತು ಎಂಟು ಡಿಸ್ಕುಗಳನ್ನು ಕಲಸಿ, ಚೀಟಿಯ ಮೇಲೆ ಅಂಕಿ ಬರೆದು, ಯಾವುದು ಯಾವುದೆಂದು ಬಾಯಿ ಬಿಡದೆ ಹಾಕುತ್ತಾಳೆ. ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಚೀಟಿ ನೋಡಿ ಮಾತ್ರೆ ಕೊಟ್ಟವಳು, ಅಂಕಿ ತಪ್ಪುವುದಿಲ್ಲ. ಅಪ್ಪನ ರೆಕಾರ್ಡನ್ನು ಗುರುತು ಹಿಡಿಯದೆ ಇರುತ್ತೇನೆಯೇ ಅಂತ ನೀನು ಕೇಳಬಹುದು. ನನಗೂ ಆ ಧೈರ್ಯವೇ ಇತ್ತು. ಆದರೆ ಈ ಸಲ ಬಂದದ್ದು ಹೊಸದಾಗಿ ತೊಳೆದ ಪ್ರತಿ. ಹಳೆಯ ರೆಕಾರ್ಡಿನ ಚರಚರ ಸದ್ದೆಲ್ಲ ತೆಗೆದಿದ್ದಾರೆ. ನಮಗೆ ಗುರುತಾಗಿದ್ದ ಮುಖದ ಮಚ್ಚೆ ಅದೇ.

ಒಂದನೇ ಚೀಟಿಯ ವಾದ್ಯವೃಂದದ ನಿರ್ದೇಶಕರಿಗೆ ಬಸ್ಸು ತಪ್ಪಿಹೋಗುವ ಅವಸರ. ಎರಡನೆಯವರು ಆ ನಿಧಾನದ ಭಾಗವನ್ನು ಎಷ್ಟು ಎಳೆದಿದ್ದಾರೆಂದರೆ ನಾನು ಒಮ್ಮೆ ತೂಕಡಿಸಿ ಎದ್ದರೂ ಅದೇ ಸ್ವರದಲ್ಲಿದ್ದರು. ಮೂರನೆಯದರಲ್ಲಿ ನಗಾರಿಯ ಸದ್ದು ಬಕೆಟ್ಟು ಬಡಿದಂತೆ, ಮೈಕನ್ನು ಅದರ ಹೊಟ್ಟೆಯೊಳಗೇ ಇಟ್ಟಿದ್ದರೋ ಏನೋ. ನಾಲ್ಕನೆಯದು ಬಂದಾಗ ನಾನು ಬರೆಯುವುದನ್ನು ನಿಲ್ಲಿಸಿದೆ. ಪಿಟೀಲುಗಳು ಕೊಳಲಿಗೆ ಜಾಗ ಬಿಟ್ಟು ಹಿಂದೆ ನಿಂತಿದ್ದವು. ಕೊಳಲು ತುದಿಯವರೆಗೆ ಹತ್ತಿ, ಅಲ್ಲಿ ಒಂದು ಸಣ್ಣ ಉಸಿರು ತೆಗೆದುಕೊಂಡು ಇಳಿಯಿತು. ಆ ಉಸಿರಿನಿಂದಲೇ ಇಳಿಯುವಿಕೆಗೆ ಅರ್ಥ ಬಂದಿತ್ತು. ನಾನು, ಈ ನಾನು, ಹತ್ತಕ್ಕೆ ಹತ್ತು ಕೊಟ್ಟೆ. ಆರನೆಯದಕ್ಕೆ ಏಳು ಕೊಟ್ಟು ಪಕ್ಕದಲ್ಲಿ ಬರೆದೆ: 'ಕೊಳಲಿನ ನಾದ ಬಹಳ ಚೆಂದ. ಆದರೆ ಮೇಲಿನಿಂದ ಇಳಿಯುವಾಗ ಏನೋ ಅವಸರ. ಯಾಕೆ?'

ಹೆಂಡತಿ ಚೀಟಿ ಬಿಡಿಸಿದಳು. ನಾಲ್ಕನೆಯವಳು ನಾನು ಬೈದಿದ್ದ ಆ ಕೊಳಲುವಾದಕಿ. ಆರನೆಯವರು ಅಪ್ಪ.

"ಕಲಸಿಹೋಗಿರಬೇಕು, ಇನ್ನೊಂದು ಸಲ ನೋಡು" ಅಂದೆ. "ನಾನು ಯಾವತ್ತಾದ್ರೂ ಕೆಮ್ಮಿಗೆ ಹೊಟ್ಟೆನೋವಿನ ಮಾತ್ರೆ ಕೊಟ್ಟಿದ್ದೀನಾ?" ಅಂದಳು. ಸರಿ, ಕಿವಿಗೆ ವಯಸ್ಸಾಗಿದೆ ಅಂದುಕೊಂಡು ಹೆಡ್‌ಫೋನು ಹಾಕಿ ಅಪ್ಪನ ಸಾಲನ್ನು ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಕೊಳಲಿನ ಹಿಂದೆ, ಬಹಳ ದೂರದಲ್ಲಿ, ಟಿಕ್ ಟಿಕ್ ಅಂತ ಏನೋ ಇತ್ತು. ಆ ಸಭಾಂಗಣದ ಗೋಡೆಯ ಎತ್ತರದಲ್ಲಿದ್ದ ದೊಡ್ಡ ಗಡಿಯಾರ! ಅಷ್ಟೆತ್ತರ ಏಣಿ ಸಿಗದೆ ಅದನ್ನು ನಿಲ್ಲಿಸಲಿಕ್ಕಾಗಲಿಲ್ಲ ಅಂತ ಆ ಮುದ್ರಣಕ್ಕೆ ಕೂತಿದ್ದ ನೀನೇ ಗೊಣಗುತ್ತಿದ್ದೆ. ಹಳೆಯ ಚರಚರದಲ್ಲಿ ಅದು ಇಷ್ಟು ವರ್ಷ ಮುಚ್ಚಿಹೋಗಿತ್ತು.

ಏನೂ ಹೇಳದೆ ಹೆಡ್‌ಫೋನನ್ನು ಹೆಂಡತಿಯ ಕಿವಿಗಿಟ್ಟೆ. ಅವಳಿಗೆ ಸಂಗೀತದ ಗಂಧಗಾಳಿ ಇಲ್ಲ, ನಿನಗೆ ಗೊತ್ತು. ಕೇಳಿದಳು, ಹುಬ್ಬು ಗಂಟಿಕ್ಕಿದಳು, "ಇದೇನ್ರಿ, ಗಡಿಯಾರ ಎಡವ್ತಲ್ಲ" ಅಂದಳು.

ಕಂಪ್ಯೂಟರಿಗೆ ಹಾಕಿ ಅಳೆದೆ. ಸರಿಯಾಗಿ ಸೆಕೆಂಡಿಗೊಂದು ಟಿಕ್. ಕೊಳಲು ತುದಿ ಮುಟ್ಟಿದ ಮೇಲೆ ಮಾತ್ರ ಒಂದು ಟಿಕ್ ಮುಂಚೆ ಬರುತ್ತದೆ. ಸೆಕೆಂಡನ್ನು ಹತ್ತು ಪಾಲು ಮಾಡಿದರೆ ನಾಲ್ಕು ಪಾಲು ಅಲ್ಲಿ ಇಲ್ಲ. ಟೇಪು ಸೆಕೆಂಡಿಗೆ ಹದಿನೈದು ಇಂಚು ಓಡುತ್ತದೆ ಅಂತ ಕಲಿಸಿದವಳು ನೀನು. ಆರು ಇಂಚು, ಅಕ್ಕ. ಆ ಜಾಗದಿಂದ ಯಾರೋ ಆರು ಇಂಚು ಟೇಪು ಕತ್ತರಿಸಿ ತೆಗೆದು, ಎರಡೂ ತುದಿಗಳನ್ನು ಅಂಟಿಸಿದ್ದಾರೆ. ಅಲ್ಲಿ ಏನಿದ್ದಿರಬೇಕು ಅಂತ ಊಹಿಸಲು ಪಂಡಿತನಾಗಬೇಕಿಲ್ಲ. ಆ ಕಾಲದಲ್ಲಿ ರೇಡಿಯೊದ ಮುದ್ರಣ ಕೋಣೆಯಲ್ಲಿ ಬ್ಲೇಡು ಹಿಡಿಯುತ್ತಿದ್ದವರು ಇಬ್ಬರೇ. ಅದರಲ್ಲಿ ಒಬ್ಬರು ಕತ್ತರಿಸಿದರೆ ಊರಿಗೆಲ್ಲ ಕೇಳಿಸುತ್ತಿತ್ತು. ಇಷ್ಟು ನಯವಾದ ಕೈ ನಿನ್ನದೊಂದೇ.

ನಾಲ್ಕು ದಿನದಿಂದ ಊಟ ರುಚಿಸುತ್ತಿಲ್ಲ. ಲೇಖನ ಇಪ್ಪತ್ತನೇ ತಾರೀಕು ಶುಕ್ರವಾರ ಅಚ್ಚಿಗೆ ಹೋಗಬೇಕು. ಅಪ್ಪನನ್ನು ಮೊದಲ ಸ್ಥಾನದಲ್ಲಿಟ್ಟರೆ ಸುಳ್ಳು. ಇಡದಿದ್ದರೆ ಯಾಕೆ ಅಂತ ಹೇಳಬೇಕು, ಹೇಳಿದರೆ ಅವರ ಹೆಸರಿಗೆ ನಾನೇ ಮಸಿ ಬಳಿದ ಹಾಗೆ. ನನ್ನ ಕಿವಿ ತಪ್ಪು, ಅಂಥದ್ದೇನೂ ನಡೆಯಲಿಲ್ಲ ಅಂತ ಒಂದು ಸಾಲು ಬರೆ. ನಂಬುತ್ತೇನೆ. ನಂಬಲಿಕ್ಕೆ ತಯಾರಾಗಿ ಕೂತಿದ್ದೇನೆ.

ನಿನ್ನ ಉತ್ತರದ ದಾರಿ ಕಾಯುವ,
ತಮ್ಮ


ಮಾರ್ಚ್ ೧೯, ಗುರುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಲಕೋಟೆ ಸೋಮವಾರವೇ ಸಿಕ್ಕಿತು. ಆ ದಿನವೇ ಬರೆಯಬೇಕಿತ್ತು, ಪೆನ್ನು ಹಿಡಿದರೆ ಅಕ್ಷರ ಮೂಡಲಿಲ್ಲ, ಅದಕ್ಕೇ ತಡ. ನಿನ್ನಿಂದ 'ಇಲ್ಲ' ಅನ್ನುವ ಒಂದು ಸಾಲು ಬರುತ್ತದೆ ಅಂತ ಕಾದಿದ್ದೆ. ಬಂದದ್ದು ಎರಡು ಪುಟ, ಅದರೊಳಗೆ ಮಡಿಸಿದ ಎಣ್ಣೆಕಾಗದ, ಎಣ್ಣೆಕಾಗದದೊಳಗೆ ಕಂದು ಬಣ್ಣದ ಟೇಪಿನ ತುಂಡು. ಹೆಂಡತಿ ಅಳತೆಪಟ್ಟಿ ತಂದಿಟ್ಟಳು. ಸರಿಯಾಗಿ ಆರು ಇಂಚು.

ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮುದ್ರಣದ ಆ ವಾರ ಅಪ್ಪನಿಗೆ ಎದೆ ಕಟ್ಟಿ ಕೆಮ್ಮು ಹತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾಲ್ಕು ಸಲ ನುಡಿಸಿದರೂ ನಾಲ್ಕು ಸಲವೂ ತುದಿಯಲ್ಲಿ ಉಸಿರು ತೆಗೆದುಕೊಂಡರು, "ನಾಳೆ ಎರಡನೇ ಕೊಳಲಿನವನಿಗೆ ಕೊಡೋಣ" ಅಂತ ನಿರ್ದೇಶಕರು ಎಲ್ಲರ ಮುಂದೆ ಅಂದುಬಿಟ್ಟರು, ಎಲ್ಲರೂ ಊಟಕ್ಕೆ ಹೋದಾಗ ನೀನು ಒಬ್ಬಳೇ ಕೂತು ಬ್ಲೇಡು ತೆಗೆದುಕೊಂಡೆ. ಸಂಜೆ ಅದನ್ನು ಹಾಕಿ ಕೇಳಿದ ನಿರ್ದೇಶಕರು, ತಮ್ಮ ಕಿವಿಯೇ ತಪ್ಪಿತ್ತು ಅಂದುಕೊಂಡು, ಅಪ್ಪನನ್ನು ತಬ್ಬಿಕೊಂಡರು. ಅಪ್ಪ ಅವರ ಭುಜದ ಮೇಲಿಂದ, ಗಾಜಿನ ಆಚೆ ಕೂತಿದ್ದ ನಿನ್ನನ್ನು ನೋಡಿದರು. 'ಆಮೇಲೆ ಸಾಯುವವರೆಗೆ ಅವರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ' ಅಂತ ಬರೆದಿದ್ದೀಯ. ಅಂದರೆ ಅಪ್ಪನಿಗೆ ಗೊತ್ತಿತ್ತು.

ಮಂಗಳವಾರ ಹಳೆಯ ಟೇಪ್ ಯಂತ್ರ ದುರಸ್ತಿ ಮಾಡುವವರ ಅಂಗಡಿಗೆ ಹೋದೆ. ಅವರು ತುಂಡಿನ ಎರಡು ಕಡೆಗೂ ಖಾಲಿ ಟೇಪು ಅಂಟಿಸಿ ಓಡಿಸಿದರು. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. "ಇದ್ರಲ್ಲಿ ಏನೂ ಇಲ್ಲ ಸರ್. ಯಾರೋ ಉಸಿರು ತಗೊಂಡಿದ್ದಾರೆ, ಅಷ್ಟೆ" ಅಂದರು. ಇನ್ನೊಂದು ಸಲ ಹಾಕಿ ಅಂದೆ. ಹನ್ನೊಂದು ಸಲ ಹಾಕಿದರು ಪಾಪ, ಕೊನೆಗೆ ಸ್ಟೂಲು ಎಳೆದು ನನ್ನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟರು. ಅಪ್ಪ ಮಾತಾಡುವಾಗಿನ ದನಿ ನನಗೆ ಮರೆತುಹೋಗಿದೆ. ಉಸಿರು ಮಾತ್ರ ಥಟ್ಟನೆ ಗುರುತು ಸಿಕ್ಕಿತು.

ಲೇಖನ ಮುಗಿಸಿದ್ದೇನೆ, ನಾಳೆ ಹೋಗುತ್ತದೆ. ನಾಲ್ಕನೇ ಚೀಟಿಯವಳೇ ಮೊದಲು. ಅಪ್ಪ ಮೂರನೇ ಸ್ಥಾನದಲ್ಲಿ. 'ಅಂಥ ನಾದ ಇನ್ನೊಬ್ಬರ ಕೊಳಲಿನಿಂದ ನಾನು ಕೇಳಿಲ್ಲ. ಆದರೆ ಆ ಸಾಲಿನ ನಡುವೆ ಒಂದು ಉಸಿರಿತ್ತು, ಅದನ್ನು ಕತ್ತರಿಸಿದ್ದಾರೆ. ಅದು ಗೊತ್ತಿಲ್ಲದೆ ಇಪ್ಪತ್ತೆರಡು ವರ್ಷ ನಾನು ಎಲ್ಲ ಕೊಳಲುವಾದಕರಿಗೂ ಅನ್ಯಾಯ ಮಾಡಿದೆ' ಅಂತ ಬರೆದಿದ್ದೇನೆ. ಕತ್ತರಿಸಿದವರು ಯಾರು ಅಂತ ಬರೆದಿಲ್ಲ, ಬರೆಯುವುದೂ ಇಲ್ಲ. ಸಂಪಾದಕರಿಗೆ ಓದಿ ಹೇಳಿದಾಗ, "ಅವರು ನಿಮ್ಮ ತಂದೆ ಅಲ್ವಾ?" ಅಂದರು. ಹೌದು, ಅದಕ್ಕೇ ನಾನೇ ಹೇಳಬೇಕು ಅಂದೆ. ಆ ಕೊಳಲುವಾದಕಿಗೂ ಕ್ಷಮೆ ಕೇಳಿ ಬೇರೆ ಕಾಗದ ಹಾಕಿದ್ದೇನೆ.

ನೀನು ಮಾಡಿದ್ದು ಅಪ್ಪನ ಮೇಲಿನ ಪ್ರೀತಿಯಿಂದ. ಅದರಲ್ಲಿ ನನಗೆ ಸಂಶಯವಿಲ್ಲ, ನಿನ್ನ ಜಾಗದಲ್ಲಿದ್ದರೆ ನಾನೂ ಬ್ಲೇಡು ಎತ್ತಿಕೊಳ್ಳುತ್ತಿದ್ದೆನೋ ಏನೋ. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ಮೊಮ್ಮಗಳಿಗೆ ನಮ್ಮಿಬ್ಬರ ಆಶೀರ್ವಾದ, ಹೊಸ ಹಲ್ಲು ನೆಟ್ಟಗೆ, ಗಟ್ಟಿಯಾಗಿ ಬರಲಿ. ಭಾವನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ,
ತಮ್ಮ

ಮರೆತ ಮಾತು: ಮೇಲಿನದೆಲ್ಲ ಬರೆದು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮರೆತ ಮಾತು ಅನ್ನುವುದೂ ಸುಳ್ಳೇ. ನಾನು ಕೊಳಲು ಬಿಟ್ಟದ್ದು ಬೇಸರ ಬಂದು ಅಂತ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ನನ್ನ ಹೆಂಡತಿಗೂ. ಸರ್ವೆ ಕಚೇರಿಯಲ್ಲಿ ಮೂವತ್ತೊಂಬತ್ತು ವರ್ಷ ಬೇರೆಯವರ ಜಾಗಕ್ಕೆ ಗೆರೆ ಎಳೆದು ನಿವೃತ್ತನಾದೆ. ಆದರೆ ನಿನಗೆ ನಿಜ ಗೊತ್ತು. ಆ ರೆಕಾರ್ಡು ಬಂದು ಎರಡು ವರ್ಷವಾಗಿತ್ತು, ನನಗೆ ಹತ್ತೊಂಬತ್ತು. ವಾದ್ಯವೃಂದಕ್ಕೆ ಸೇರುವ ಪರೀಕ್ಷೆಯ ಹಿಂದಿನ ದಿನ, ಮುಂದಿನ ಕೋಣೆಯಲ್ಲಿ, ಅಪ್ಪ ಆ ಸಾಲನ್ನು ನುಡಿಸು ಅಂದರು. ನಾನು ತುದಿ ಮುಟ್ಟಿ, ಒಂದು ಸಣ್ಣ ಉಸಿರು ತೆಗೆದುಕೊಂಡೆ. ಅವರು ಕೈ ಎತ್ತಿ ನಿಲ್ಲಿಸಿದರು. "ಅಲ್ಲಿ ಉಸಿರು ಬೇಕು ಅನ್ನೋವನಿಗೆ ಇದು ಕೆಲಸ ಅಲ್ಲ. ಒರೆಸಿ ಪೆಟ್ಟಿಗೆಯಲ್ಲಿಡು" ಅಂದರು. ನಾನು ಒರೆಸಿ ಇಟ್ಟೆ. ಅಂಗಡಿಯಲ್ಲಿ ಹನ್ನೊಂದು ಸಲ ಕೇಳಿದೆನಲ್ಲ ಅಕ್ಕ, ಅಪ್ಪನದೂ ಅದೇ ಜಾಗ, ಅಷ್ಟೇ ಉದ್ದ. ಅವತ್ತು ನೀನು ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ನಾನು ಪೆಟ್ಟಿಗೆ ಮುಚ್ಚುವಾಗ ನಿನ್ನ ಕಡೆ ನೋಡಿದೆ. ನೀನು ಅಂಗಿಯ ತೋಳು ಮಗುಚಿ ಹಾಕಿ ಇಸ್ತ್ರಿ ಮಾಡುತ್ತಲೇ ಇದ್ದೆ. ಅಪ್ಪನ ಉಸಿರನ್ನು ಎಣ್ಣೆಕಾಗದದಲ್ಲಿ ಸುತ್ತಿ ಇಷ್ಟು ವರ್ಷ ಜೋಪಾನ ಮಾಡಿದವಳಿಗೆ, ನನ್ನದೂ ಕೇಳಿಸಿತ್ತಲ್ಲವೇ?